ಏಳನೇ ಬಾವಿಯ ಐದು ಅಂಕಿ

ಅಳತೆ ಕಚೇರಿಯ ಹಿಂದಿನ ಕೋಣೆ,
ಮಾರ್ಚ್ ೧೪, ಸೋಮವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಡಾಕ್ಟರು ಬೇಡವೆಂದರೂ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇದ್ದೀರಂತೆ, ಅಕ್ಕ ಫೋನಿನಲ್ಲಿ ಗೊಣಗಿದಳು. ಹಟ ನನಗೆಲ್ಲಿಂದ ಬಂತೆಂದು ಇನ್ನು ಯಾರೂ ಕೇಳಬೇಕಿಲ್ಲ.

ಬಾವಿಗಳ ನೀರಿನ ಮಟ್ಟ ಅಳೆಯಲು ಕಚೇರಿಯವರು ನೀರು ತಾಗಿದರೆ ಕೀಂಯ್ ಎನ್ನುವ ಯಂತ್ರ ಕೊಟ್ಟಿದ್ದಾರೆ. ಅದನ್ನು ಇಳಿಸಿದ ಮೇಲೂ ನಿಮ್ಮ ಉಕ್ಕಿನ ಟೇಪಿಗೆ ಸೀಮೆಸುಣ್ಣ ಬಳಿದು ಇನ್ನೊಮ್ಮೆ ಇಳಿಸುತ್ತೇನೆ. ಸುಣ್ಣ ಒದ್ದೆಯಾದಲ್ಲಿ ನೀರು, ನೀವೇ ಕಲಿಸಿದ್ದು. ಈ ಕೆಲಸದಲ್ಲಿ ನೀವು ಅಳೆದ ಹದಿಮೂರು ವರ್ಷ, ನಾನು ಅಳೆದ ಒಂಬತ್ತು ವರ್ಷ ಸೇರಿಸಿದರೆ ಶಾಲೆಯ ಹಿಂದಿನ ಏಳನೇ ಬಾವಿಯ ನೀರು ಮೂವತ್ತೊಂದು ಅಡಿ ಇಳಿದಿದೆ. ಅದರ ಪಕ್ಕದಲ್ಲೇ ಬಾಟಲಿ ನೀರಿನ ಕಾರ್ಖಾನೆಯವರು ಇನ್ನೂ ನಾಲ್ಕು ಕೊಳವೆಬಾವಿಗೆ ಅನುಮತಿ ಕೇಳಿದ್ದಾರೆ. ಮುಂದಿನ ವಾರ ವಿಚಾರಣೆ. ನಮ್ಮ ಸಾಹೇಬರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಯಮಾನ. "ಕಾರ್ಖಾನೆಯವರು ಎರಡು ದಿನ ಪಂಪು ನಿಲ್ಲಿಸ್ತಾರೆ, ನೀರು ಮೇಲೆ ಬರುತ್ತೆ, ಆಮೇಲೆ ಅಳತೆ ತಗೊಳ್ಳಮ್ಮ" ಎಂದರು. ಪಂಪು ನಿಂತಾಗಲೂ ಅಳೆಯುತ್ತೇನೆ, ಓಡುವಾಗಲೂ ಅಳೆಯುತ್ತೇನೆ, ಎರಡನ್ನೂ ಬರೆಯುತ್ತೇನೆ ಎಂದೆ. ವರ್ಗಾವಣೆಯ ಮಾತು ತೆಗೆದರು. "ಮಾಡ್ಸಿ ಸಾರ್, ಬಾವಿ ಎಲ್ಲಿಗೂ ಹೋಗಲ್ಲ" ಅಂದುಬಿಟ್ಟೆ. ಆಮೇಲೆ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಈ ಸಲ ನಾನು ಬಗ್ಗುವವಳಲ್ಲ.

ಅಕ್ಕನನ್ನು ಕೇಳಿದೆನೆಂದು ಹೇಳಿ, ಪಾಪುವಿಗೊಂದು ಮುತ್ತು. ಔಷಧಿ ತಪ್ಪಿಸಬೇಡಿ.

ನಿಮ್ಮ ಮೊಂಡು ಕಿರಿಮಗಳು

ಮರೆತು ಕೊನೆಗೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ, ಧೈರ್ಯ ಬಂದದ್ದೇ ಈಗ. ನಿಮ್ಮ ಹಳೆಯ ಅಳತೆ ಪುಸ್ತಕ ತೆಗೆದು ನೋಡಿದೆ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದ ಐದು ತಿಂಗಳೂ ಏಳನೇ ಬಾವಿಗೆ ಒಂದೇ ಅಂಕಿ, ಒಂದೇ ಶಾಯಿ. ನೀವು ಬಾವಿಯ ಹತ್ತಿರ ಹೋಗಿಯೇ ಇಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಅತ್ತುಬಿಟ್ಟೆ. ಕಾರ್ಖಾನೆಯ ವಕೀಲರ ಕಣ್ಣಿಗೆ ಬಿದ್ದರೆ ಇಪ್ಪತ್ತೆರಡು ವರ್ಷದ ಅಳತೆಯೆಲ್ಲ ಬೊಗಳೆ ಎನ್ನುತ್ತಾರೆ. ಅದಕ್ಕೇ ವಿಚಾರಣೆಯಲ್ಲಿ ಅವರಿಗಿಂತ ಮೊದಲು ನಾನೇ ಹೇಳುತ್ತೇನೆ: ಈ ಐದು ಅಂಕಿ ನಮ್ಮಪ್ಪ ಅಳೆಯದೆ ಬರೆದದ್ದು, ಇವನ್ನು ಹೊಡೆದುಹಾಕಿ ಮಿಕ್ಕದ್ದನ್ನು ನೋಡಿ. ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ ಅಪ್ಪಾ, ತಿಳಿಸುತ್ತಿದ್ದೇನೆ. ವಿಚಾರಣೆ ೨೪ನೇ ತಾರೀಖು, ಗುರುವಾರ, ಬೆಳಿಗ್ಗೆ ಹತ್ತಕ್ಕೆ. ಬಂದರೆ ಆ ಮಾತನ್ನು ನೀವೇ ಆಡಬಹುದು. ನನ್ನ ಪಕ್ಕದ ಕುರ್ಚಿ ಹಿಡಿದಿಟ್ಟಿರುತ್ತೇನೆ. ಸಭೆ ಕೆಳಗಿನ ಕೋಣೆಯಲ್ಲೇ, ಮೆಟ್ಟಿಲಿಲ್ಲ.