ರುಚಿ ನೋಡಿದ್ದಕ್ಕೆ

17 ನವೆಂಬರ್ 2024, ರವಿವಾರ

ಇವತ್ತೂ ಅದೇ ಜಗಳ. ಹುಬ್ಬಳ್ಳಿಯಿಂದ ಕಾರಿನಲ್ಲಿ ಬಂದ ಗಂಡ-ಹೆಂಡತಿ. ಐದು ಬಗೆ ವೈನ್, ಒಂದೊಂದು ಗುಟುಕು, ತಲೆಗೆ ಐನೂರು ಅಂದೆ. ಗಂಡನಿಗೆ ಸಿಟ್ಟು.

"ಬೆಲ್ಲದ ಅಂಗಡ್ಯಾಗ ಚೂರು ಬಾಯಾಗ ಹಾಕ್ಕೊಂಡ್ರ ರೊಕ್ಕ ಕೇಳ್ತಾರೇನ್ರಿ?"

ಬಾಟಲಿ ಕೊಂಡರೆ ಬಿಲ್ಲಿನಲ್ಲಿ ಕಳೆಯುತ್ತೇವೆ ಎಂದು ನಕ್ಕೆ. ನಗುವುದಕ್ಕೇ ನನಗೆ ಸಂಬಳ. ಹೆಂಡತಿ ತುಟಿಗೆ ತಾಗಿಸಿ, ಉಳಿದದ್ದನ್ನು ಬಕೆಟ್ಟಿಗೆ ಸುರಿದಳು. ಅಪ್ಪ ನೋಡಿದ್ದರೆ ಚಡಪಡಿಸುತ್ತಿದ್ದ. ಉಂಡ ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿಯುವ ಮನುಷ್ಯ. ಪ್ರಸಾದ ಚೆಲ್ಲಬಾರದು. ಕೊರಳಿಗೆ ಲಿಂಗ ಬಂದಾಗಿನಿಂದ ಹಾಗೇ.

ಅಪ್ಪನ ಲೆಕ್ಕದಲ್ಲಿ ನಾನು ಮೋಟೆಬೆನ್ನೂರಿನ ಹತ್ತಿರದ "ದ್ರಾಕ್ಷಿ ಫ್ಯಾಕ್ಟರಿ"ಯಲ್ಲಿದ್ದೇನೆ. ಬ್ಯಾಡಗಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಜ್ಯೂಸು ಅಂದುಕೊಂಡಿದ್ದಾನೆ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅವ್ವನಿಗೆ ಗೊತ್ತು. "ಬಾಯಿ ಮುಚ್ಕೊಂಡು ಕೆಲಸ ಮಾಡು" ಅನ್ನುತ್ತಾಳೆ.

27 ನವೆಂಬರ್, ಬುಧವಾರ

ಲೇಬಲ್ ತರಲು ರಾಣೆಬೆನ್ನೂರಿಗೆ ಹೋಗಿದ್ದೆ. ತಿರುಗಿ ಬಂದರೆ ಮೈಲೇಶನ ಮುಖ ಅರಳಿತ್ತು. ನನ್ನ ಜೊತೆ ಕೌಂಟರಿನಲ್ಲಿ ನಿಲ್ಲುವವನು.

"ನಿಮ್ಮ ಅಪ್ಪಾರು ಬಂದಿದ್ರು. ನೀವು ಬುತ್ತಿ ಮರತು ಬಂದಿದ್ರಂತ. ಕುಂದ್ರಿಸಿ ಐದೂ ರುಚಿ ತೋರಿಸಿ ಕಳಿಸೇನಿ. ಮನಿ ಮಂದಿಗೆ ಫ್ರೀ ಅಲ್ಲೇನ್ರಿ?"

ಲೇಬಲ್ ಕಟ್ಟು ಕೆಳಗಿಟ್ಟೆ. ಏನಾದರೂ ಕೇಳಿದರಾ ಅಂದೆ.

"ಇದೇನಪಾ ಅಂದ್ರು. ಬರೇ ದ್ರಾಕ್ಷಿರಿ ಯಜಮಾನ್ರ, ಹನಿ ನೀರಿಲ್ಲ, ಸಕ್ರಿ ಇಲ್ಲ ಅಂದೆ."

ಬಂದವರಿಗೆಲ್ಲ ಹೇಳು ಎಂದು ನಾನೇ ಕಲಿಸಿದ ಮಾತು.

"ಒಂದೊಂದು ಗ್ಲಾಸಿಗೂ ನೀರು ಹಾಕಿ ತೊಳದು ಅದನ್ನೂ ಕುಡದ್ರು. ನಮ್ಮ ಗ್ಲಾಸಿಗೆ ಇಷ್ಟು ಮರ್ಯಾದಿ ಯಾರೂ ಕೊಟ್ಟಿಲ್ರಿ."

ಪ್ರೀತಿಯಿಂದಲೇ ಹೇಳಿದ.

ಅದೇ ದಿನ, ಸಂಜೆ

ನಾನು ಮನೆಗೆ ಬಂದಾಗಲೂ ಅಪ್ಪ ಒಳಗೆ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ. ತಾನೇ ಹೇಳಿದ — ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಮಗಳ ಫ್ಯಾಕ್ಟರಿಯ ರಸವನ್ನು ಹೊಗಳುತ್ತ ಬಂದನಂತೆ. ಪರಿಚಯದ ಕಂಡಕ್ಟರ್ ಬಗ್ಗಿ ಮೂಸಿದ. "ಏನ್ ಕಾಕಾ, ನೀವೂ ಸುರು ಹಚ್ಚಿಕೊಂಡ್ರೇನು?" ಅಂದ. ಬಸ್ಸಿನವರೆಲ್ಲ ನಕ್ಕರು.

"ಶೀಲವ್ವಾ, ಅದು ಏನಿತ್ತು?"

"ವೈನ್, ಅಪ್ಪಾ."

"ಅಂದ್ರ ಶೆರೆ."

"ಹೂಂ."

ಟವೆಲಿನಿಂದ ತುಟಿ ಒರೆಸಿಕೊಂಡ. ಆಮೇಲೆ ಅಂದ:

"ಚಲೋ ಇತ್ತವ್ವಾ. ಅದಽ ನನಗ ಸಂಕಟ ಆಗೇತಿ."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

2 ಡಿಸೆಂಬರ್, ಸೋಮವಾರ

ಅಪ್ಪ ಲಿಂಗಪೂಜೆ ನಿಲ್ಲಿಸಿದ್ದ. ಮಠಕ್ಕೆ ಕರೆದುಕೊಂಡು ಹೋದೆವು. ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಎಲ್ಲ ಕೇಳಿ ನಕ್ಕರು.

"ಅರೀದ ಕುಡದದ್ದಕ್ಕ ಪಾಪ ಇಲ್ಲೋ ವಿರೂಪಾಕ್ಷಪ್ಪ. ಹೋಗಿ ಪೂಜಿ ಮಾಡ್ಕೋ."

ಅಪ್ಪ ಕೈಮುಗಿದ. "ಕುಡದದ್ದು ಅರೀದ ಆತ್ರಿ ಅಜ್ಜಾರ. ರುಚಿ ಹತ್ತೇತಲ್ರಿ, ಅದಕ್ಕೇನು ಮಾಡ್ಲಿ?"

ಅಜ್ಜಾರು ಎಷ್ಟು ಹೇಳಿದರೂ ಒಪ್ಪಲಿಲ್ಲ. ತಾನೇ ಶಿಕ್ಷೆ ಹಾಕಿಕೊಂಡ. ಉಪ್ಪಿಲ್ಲ, ಹುಳಿಯಿಲ್ಲ, ಖಾರ ಇಲ್ಲ. ಬ್ಯಾಡಗಿಯಲ್ಲಿ ಕೂತು ಖಾರ ಬಿಟ್ಟವನು ಇವನೊಬ್ಬನೇ ಇರಬೇಕು. ನಾಲಿಗೆ ಆ ರುಚಿ ಮರೆಯುವ ತನಕವಂತೆ.

ನಾನು ಕೆಲಸ ಬಿಟ್ಟೆ. ಹೇಳಿದರೆ — "ನೀ ಯಾಕ ಬಿಟ್ಟಿ? ನಾಲಿಗಿ ನಂದು" ಅಂದ.

5 ಜನವರಿ 2025, ರವಿವಾರ

ಒಂದು ತಿಂಗಳ ಮೇಲಾಯಿತು, ಬರೆಯಲು ಮನಸ್ಸಾಗಲಿಲ್ಲ. ಅಪ್ಪ ಸೊರಗಿದ್ದಾನೆ. ತನ್ನ ಗೋಣಿಚೀಲದ ಅಂಗಡಿಗೆ ಹೋಗುವುದಿಲ್ಲ. ಗಿರಾಕಿಗಳು ಚೇಷ್ಟೆ ಮಾಡುತ್ತಾರೆ. ಚೀಲ ಕೇಳುವ ಮೊದಲು ಬಾಟಲಿ ಕೇಳುತ್ತಾರೆ.

ಸಪ್ಪನೆ ಬೇಳೆಯಲ್ಲಿ ರೊಟ್ಟಿ ಅದ್ದಿ ತಿನ್ನುತ್ತ ಇವತ್ತು ನಿಂತ. "ಮತ್ತ ನೆನಪಾತು" ಅಂದ. ಅವ್ವ ಹಣೆ ಬಡಿದುಕೊಂಡಳು.

"ನೆನಪಾದ್ರ ಆಗ್ಲಿ. ಒಂದು ಹಳ್ಳು ಉಪ್ಪು ಹಾಕ್ಕೋರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಹಾಕಿಕೊಳ್ಳಲಿಲ್ಲ. ನೆನಪಾದಾಗಲೆಲ್ಲ ವ್ರತ ಮೊದಲಿನಿಂದ ಶುರು. ಮರೆಯಬೇಕು ಮರೆಯಬೇಕು ಎಂದು ಕೂತರೆ ಯಾರಿಗಾದರೂ ಮರೆಯುತ್ತದೆಯೇ... ಇದನ್ನು ಅವನಿಗೆ ಹೇಳುವ ಮುಖ ನನಗಿಲ್ಲ.

19 ಜನವರಿ. ಹಾವೇರಿ, ಆಸ್ಪತ್ರೆ

ಬೆಳಿಗ್ಗೆ ಅಪ್ಪನಿಗೆ ನನ್ನ ಗುರುತು ಹತ್ತಲಿಲ್ಲ. "ಯಾರ ಮಗಳವ್ವಾ ನೀ?" ಅಂದ. ಗಾಡಿ ಮಾಡಿಕೊಂಡು ಬಂದೆವು. ರಕ್ತದಲ್ಲಿ ಉಪ್ಪಿನಂಶ ತೀರಾ ಇಳಿದಿದೆಯಂತೆ. ಡಾಕ್ಟರ್ ನನ್ನನ್ನು ಹೊರಗೆ ಕರೆದರು.

"ಸಲೈನ್ ಹಚ್ಚೇವಿ, ಏರ್ತದ. ಆದ್ರ ಊಟದಾಗ ಉಪ್ಪು ಬೇಕಽ ಬೇಕು. ಇನ್ನೊಮ್ಮೆ ಹಿಂಗ ಇಳೀತಂದ್ರ ಜೀವಕ್ಕ ಅಪಾಯ."

ಅವ್ವ ಗೋಡೆಗೆ ಒರಗಿ ಕೂತಿದ್ದಾಳೆ. ನನ್ನ ಕಡೆ ನೋಡುತ್ತಿಲ್ಲ.

22 ಜನವರಿ

ಗುರುತು ಹಿಡಿದ. "ಶೀಲವ್ವಾ" ಅಂದ. ಖುಷಿಗೆ ಅತ್ತೆ. ಆದರೆ ನೆನಪಿನ ಜೊತೆ ವ್ರತವೂ ವಾಪಸು ಬಂತು. ಆಸ್ಪತ್ರೆಯ ಸಾರಿಗೆ ಉಪ್ಪು ಹಾಕಿದ್ದಾರೆ ಎಂದು ತಾಟು ಸರಿಸಿಬಿಟ್ಟ. ಡಾಕ್ಟರ್ ಗದರಿಸಿದರು. ಅಜ್ಜಾರ ಹತ್ತಿರ ಫೋನಿನಲ್ಲಿ ಮಾತಾಡಿಸಿದೆ. "ಹೌದ್ರಿ, ಹೌದ್ರಿ" ಅಂದು ಫೋನ್ ಕೊಟ್ಟ. ಉಣ್ಣಲಿಲ್ಲ.

23 ಜನವರಿ, ಮಧ್ಯಾಹ್ನ

ಇಲ್ಲೇ ಹತ್ತಿರ ಅವ್ವನ ತಂಗಿ ಪ್ರೇಮವ್ವ ಚಿಗವ್ವನ ಮನೆಯಲ್ಲಿ ಗಂಜಿ ಕಾಯಿಸಿಕೊಂಡು ಬಂದೆ. ಉಪ್ಪು ಹಾಕಿದ್ದೇನೆ. ಅವ್ವನಿಗೂ ಹೇಳಿಲ್ಲ. ಜಡ್ಡಿನ ಬಾಯಿ, ಗೊತ್ತಾಗಲಿಕ್ಕಿಲ್ಲ ಅಂದುಕೊಂಡೆ.

ಮೊದಲ ಚಮಚ ಬಾಯಲ್ಲೇ ಹಿಡಿದುಕೊಂಡ. ನುಂಗಿದ. ಮುಂದಿನದಕ್ಕೆ ತಾನೇ ಬಾಯಿ ತೆರೆದ. ಅರ್ಧ ಬಟ್ಟಲು ಆಗುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು. ಆಮೇಲೆ ನನ್ನ ಕೈ ಹಿಡಿದು ನಿಲ್ಲಿಸಿದ.

"ಇದಕ್ಕ ಉಪ್ಪು ಹಾಕಿಲ್ಲ, ಹೌದಲ್ಲವ್ವಾ? ನೀ ಹೂಂ ಅಂದ್ರ ನಾ ನಂಬ್ತೇನಿ."

ನಾನು ಹೂಂ ಅಂದೆ.