ಕಿವಿಯೊಳಗಿನ ತೇಪೆ

ಮಾರ್ಚ್ 4, ಸೋಮವಾರ, ಬೆಳಿಗ್ಗೆ

ವ್ಯಾಸಲಿನ್ ಹಚ್ಚಿದ ಹತ್ತಿ ಕಿವಿಗೆ ತುರುಕಿಕೊಂಡು ಸ್ನಾನ. ತಲೆಗೆ ನೀರಿಲ್ಲ. ಹಡಗಿನ ತಳ ಉಜ್ಜಲು ದಿನಾ ನೀರಿನಡಿ ಇಳಿಯುತ್ತಿದ್ದವನಿಗೆ ಈಗ ಒಂದು ಚೊಂಬು ನೀರು ಕಂಡರೆ ಭಯ. ಕರ್ಮ.

ತೇಪೆ ಹಾಕಿ ವಾರವಾಯಿತು. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಕುರ್ಚಿಯಲ್ಲಿ ಕೂತಲ್ಲೇ ಕೆಲಸ ಮುಗಿಯಿತು, ಬಸ್ಸಿನಲ್ಲೇ ಮನೆಗೆ ಬಂದೆ. ಕಿವಿಯ ತಮಟೆ ತೂತಾದವನಿಗೆ ಇಷ್ಟೇನಾ? ಡಾಕ್ಟರ್ ಹೇಳಿದ್ದು — "ರೇಷ್ಮೆಯಿಂದ ಮಾಡಿದ್ದು. ಬಳ್ಳಿಗೆ ಚಪ್ಪರ ಇದ್ದ ಹಾಗೆ. ಇದರ ಮೇಲೆ ಚರ್ಮ ತಾನೇ ಹಬ್ಬುತ್ತೆ. ನೀರು ಬೇಡ. ಮೂಗು ಹಿಡಿದು ಊದೋದಂತೂ ಬೇಡವೇ ಬೇಡ."

ಈರುಳ್ಳಿ ಸಿಪ್ಪೆಯಷ್ಟೂ ದಪ್ಪ ಇರಲಿಲ್ಲ. ಚಪ್ಪರವಂತೆ. ನನಗ್ಯಾಕೋ ಅನುಮಾನ.

ಮಾರ್ಚ್ 6

ಮಾಲೀಕನ ಫೋನು. "ಆರಾಮಾಗಿರಿ, ಅವಸರ ಏನಿಲ್ಲ." ಇಷ್ಟು ವರ್ಷದಲ್ಲಿ ಆ ಬಾಯಲ್ಲಿ ಆರಾಮ ಎಂಬ ಮಾತು ಕೇಳಿದ್ದೇ ಇಲ್ಲ. ನನ್ನ ಬದಲಿಗೆ ಸದ್ಯಕ್ಕೆ ಜೊತೆ ಕೆಲಸದ ಡುಮ್ಮ ಇಳಿಯುತ್ತಿದ್ದಾನಂತೆ. ಸದ್ಯಕ್ಕೆ...

ಈ ಡಾಕ್ಟರನ್ನು ತೋರಿಸಿದ್ದು ಯಾರು? ಇದೇ ಮಾಲೀಕ. ಆಪರೇಷನ್ ಆದರೆ ಕೆಲಸದಲ್ಲಿ ಪೆಟ್ಟಾಯಿತೆಂದು ದಾಖಲಾಗುತ್ತದೆ, ಪರಿಹಾರ ಕೊಡಬೇಕಾಗುತ್ತದೆ. ತೇಪೆಯಾದರೆ ಸದ್ದಿಲ್ಲ. ಕಿವಿ ವಾಸಿಯಾಗಿದೆ ಎಂದು ಸರ್ಟಿಫಿಕೇಟ್ ಸಿಗದೆ ನಾನು ನೀರಿಗಿಳಿಯುವಂತಿಲ್ಲ. ನೀರು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಎಲ್ಲ ತಾಳೆ ಹಾಕಿ ನೋಡಿದೆ. ಸರಿಯಾಗಿ ಕೂರುತ್ತದೆ: ಸುಳ್ಳು ತೇಪೆ ಹಾಕಿಸಿ ನನ್ನನ್ನು ಸದ್ದಿಲ್ಲದೆ ಕಳಚಿಕೊಳ್ಳುವ ಸಂಚು.

ಮಾರ್ಚ್ 7, ಮಧ್ಯಾಹ್ನ

ತಡೆಯಲಾಗಲಿಲ್ಲ. ನೀರಿಗಿಳಿಯುವವರು ಕಿವಿ ಪರೀಕ್ಷಿಸುವುದು ಒಂದೇ ರೀತಿ — ಬಾಯಿ ಮುಚ್ಚು, ಮೂಗು ಹಿಡಿ, ಊದು. ಬಾತ್‌ರೂಮಿನಲ್ಲಿ ಊದಿದೆ. ಸುಂಯ್ ಎಂದು ಗಾಳಿ ಕಿವಿಯಿಂದ ಹೊರಗೆ. ಅಂದರೆ ತೂತು ಹಾಗೇ ಇದೆ. ಸಿಕ್ಕಿಬಿದ್ದರು.

ಹೆಂಡತಿಗೆ ಹೇಳಿದೆ.

"ಊದಬೇಡಿ ಅಂದಿದ್ರಲ್ಲ ಡಾಕ್ಟ್ರು?"

"ಊದದೆ ಗೊತ್ತಾಗೋದು ಹೇಗೆ?"

"ಅನ್ನಕ್ಕಿಟ್ಟು ಮುಚ್ಚಳ ತೆಗೆದು ತೆಗೆದು ನೋಡ್ತಾ ಇದ್ರೆ ಬೇಯುತ್ತಾ?"

ಇವಳೂ ಅವರ ಕಡೆ. ಮಾಲೀಕ ಇವಳಿಗೂ ಫೋನ್ ಮಾಡಿರಬೇಕು.

ಮಾರ್ಚ್ 11

ದಿನಾ ಊದುತ್ತಿದ್ದೇನೆ. ಸಾಕ್ಷಿ ಬೇಕಲ್ಲ. ಸುಂಯ್ ಜೋರಾಗುತ್ತಿದೆ. ನಾಳೆ ಬೇರೆ ಡಾಕ್ಟರ್ ಹತ್ತಿರ ಹೋಗುತ್ತೇನೆ. ಮನೆಯಲ್ಲಿ ಹೇಳುವುದಿಲ್ಲ.

ಮಾರ್ಚ್ 12, ಸಂಜೆ

ಈ ಡಾಕ್ಟರಮ್ಮ ಕಿವಿಗೆ ಕ್ಯಾಮೆರಾ ಹಾಕಿ ಪರದೆಯ ಮೇಲೆ ತೋರಿಸಿದರು. ಅಂಚಿನ ಸುತ್ತ ತೆಳ್ಳಗೆ ಹೊಸ ಚರ್ಮ. ತೇಪೆ ಮಾತ್ರ ಒಂದು ಕಡೆ ಕಿತ್ತು ಹೊರಕ್ಕೆ ಮಡಚಿಕೊಂಡಿದೆ.

"ಚೆನ್ನಾಗೇ ಹಾಕಿದ್ದಾರೆ. ಚರ್ಮ ಹಬ್ಬುತ್ತಾ ಇತ್ತು. ಒಳಗಿಂದ ಊದಿ ಕಿತ್ತ ಹಾಗಿದೆ. ನೀವೇನಾದ್ರೂ..."

"ಇಲ್ಲ ಡಾಕ್ಟ್ರೇ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾಚಿಕೆ. ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿಕೊಂಡಿದ್ದೆ.

ಮಾರ್ಚ್ 15

ಮೊದಲಿನ ಡಾಕ್ಟರಿಗೆ ನಿಜ ಹೇಳಿದೆ. ಚೆನ್ನಾಗಿ ಬೈದು ಇನ್ನೊಂದು ತೇಪೆ ಹಾಕಿದರು. "ಇದೂ ಕಿತ್ರೆ ತೂತು ದೊಡ್ಡದಾಗುತ್ತೆ. ಆಮೇಲೆ ನೀರಿಗಿಳಿಯೋ ಮಾತು ಮರೆತುಬಿಡಿ."

ಇವಳಿಗೂ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 9, ಬೆಳಿಗ್ಗೆ, ಆಸ್ಪತ್ರೆಯಲ್ಲಿ ಕಾಯುತ್ತಾ

ಇವತ್ತು ತೀರ್ಮಾನ. ಎರಡನೇ ತೇಪೆ ಹಾಕಿಸಿದ ಮೇಲೆ ಒಮ್ಮೆಯೂ ಊದಿಲ್ಲ. ಕೈ ಮೂಗಿನ ಕಡೆ ಹೋದಾಗೆಲ್ಲ ಜೇಬಿಗೆ ತುರುಕಿದ್ದೇನೆ. ನಿನ್ನೆ ಮಾಲೀಕ ಫೋನಿನಲ್ಲಿ — "ಬೇಗ ಬನ್ನಿ, ಡುಮ್ಮನ ಕೈಲಿ ಆಗ್ತಿಲ್ಲ." ಮೊದಲ ಸಲ ಆ ಮಾತು ನಂಬಿದೆ.

ಬಸ್ಸಿನಲ್ಲಿ ಇವಳು ಕೇಳಿದಳು. "ನಿಜ ಹೇಳಿ, ಊದಿಲ್ಲ ತಾನೆ?"

"ದೇವರಾಣೆ ಇಲ್ಲ."

ಕಿಟಕಿ ಕಡೆ ತಿರುಗಿದಳು. ನಂಬಲಿಲ್ಲ. ಸಿಟ್ಟು ಬಂತು. ನುಂಗಿಕೊಂಡೆ, ಯಾವ ಮುಖ ಇಟ್ಟುಕೊಂಡು ರೇಗಲಿ?

ಈಗ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಾಳೆ — "ಬೇಜಾರು ಮಾಡ್ಕೋಬೇಡಿ. ಬೆಳಗ್ಗೆ ನಾನು ಎದ್ದಾಗ ನೀವು ಗಾಢ ನಿದ್ದೇಲಿದ್ರಿ. ಮೂಗು ಹಿಡ್ಕೊಂಡಿದ್ರಿ. ಅದಕ್ಕೇ ಕೇಳಿದ್ದು."

ನಿದ್ದೆಯಲ್ಲಿ ಊದಿದೆನಾ? ಇವತ್ತು ಮಾತ್ರವೋ, ದಿನಾ...

ನರ್ಸ್ ಕರೆಯುತ್ತಿದ್ದಾರೆ. ಎಚ್ಚರದಲ್ಲಿ ಊದಿಲ್ಲ, ಅದು ಖಂಡಿತ. ಆದರೆ ನಿದ್ದೆಯಲ್ಲಿ—