ಅಮ್ಮನ ತೋಟಾಗಳು

ಮೇ 4, ಶನಿವಾರ

ಎದ್ದಾಗಲೇ ಮನೆಯೆಲ್ಲ ಮೇಣ ಸುಟ್ಟ ಹೊಗೆ. ಗ್ಯಾರೇಜಿನಲ್ಲಿ ಅಮ್ಮ ಸೀಸಕ್ಕೆ ಮೇಣ ಹಾಕಿ ಕರಗಿಸಿ ಗುಂಡಿನ ಅಚ್ಚಿಗೆ ಹುಯ್ಯುತ್ತಿದ್ದಳು. ಕೈಯಲ್ಲಿ ನನ್ನ ಸೌಟು!

"ತೊಳೆದು ಕೊಡ್ತೀನಿ ಕಣೇ."

"ಸೀಸ ಮುಟ್ಟಿದ ಸೌಟಲ್ಲಿ ಸೂಪ್ ಬಡಿಸಲಾ?"

"ನಿನ್ನ ಸೂಪಿಗೆ ಹಾಗಾದ್ರೂ ರುಚಿ ಬರ್ಲಿ."

ಹೊಸ ಸೌಟು ತರಬೇಕು. ಅವಳ ಅಜ್ಜನ ಪಿಸ್ತೂಲಿಗೆ ಹೊಂದುವ ತೋಟಾ ಈಗ ಯಾರೂ ತಯಾರಿಸುವುದಿಲ್ಲ, ನಿಜ. ಆದರೆ ಎಪ್ಪತ್ತಾರನೆಯ ವಯಸ್ಸಿನಲ್ಲೂ ಮೇ ಕೊನೆಯ ಗುರಿ ಹೊಡೆಯುವ ಪಂದ್ಯ ಗೆಲ್ಲಲೇಬೇಕೆ? ಅಮೆರಿಕದ ಈ ಮೊಂಟಾನಾದಲ್ಲಿ ಬೇರೆ ತಾಯಂದಿರು ಕೌದಿ ಹೊಲಿಯುತ್ತಾರೆ.

ಮೇ 11, ಶನಿವಾರ

ಅಭ್ಯಾಸಕ್ಕೆ ಕರೆದುಕೊಂಡು ಹೋಗಿದ್ದೆ. ನಾಲ್ಕನೆಯ ಗುಂಡಿನ ಸದ್ದೇ ಬೇರೆ. ಅಮ್ಮನ ಕೈ ಹಣೆಯವರೆಗೆ ಹಾರಿತು. ತೋಟಾದ ಖಾಲಿ ಕೊಳವೆ ಪಿಸ್ತೂಲಿನ ಒಳಗೇ ಕಚ್ಚಿಕೊಂಡಿತ್ತು. ಕಡ್ಡಿಯಿಂದ ಕುಟ್ಟಿ ತೆಗೆಯಬೇಕಾಯಿತು.

ಕ್ಲಬ್ಬಿನ ಹಿರಿಯ ಹಾರ್ಲನ್ ಓಡಿಬಂದ. "ಬರ್ನೀಸ್, ಫಿರಂಗಿ ತಂದಿದ್ದೀಯೇನು?"

"ಬೆಳಿಗ್ಗೆ ಬೀನ್ಸ್ ತಿಂದಿದ್ದೆ, ಗ್ಯಾಸು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮದ್ದು ಕೊಳವೆಯ ಅರ್ಧಕ್ಕೂ ಬರುವುದಿಲ್ಲ. ತಪ್ಪಿ ಎರಡು ಸಲ ಬಿದ್ದರೂ ಒಳಗೆ ಹಿಡಿಸಿಬಿಡುತ್ತದೆ. ನೂರು ವರ್ಷ ದಾಟಿದ ಉಕ್ಕು ಎಷ್ಟು ಸಲ ತಡೆದೀತು? ಅದನ್ನೇ ಟ್ರಕ್ಕಿನಲ್ಲಿ ಹೇಳಿದೆ. ಮದ್ದಲ್ಲ, ಗುಂಡು ಕೊಂಚ ದಪ್ಪವಿತ್ತಂತೆ, ಅಮ್ಮನ ನೆಪ. ಕಣ್ಣಿನ ಪೊರೆಯ ಆಪರೇಷನ್ನೂ ಪಂದ್ಯ ಮುಗಿದ ಮೇಲಂತೆ.

ಮೇ 12, ಭಾನುವಾರ

ತಾಯಂದಿರ ದಿನ. ಪ್ಯಾನ್‌ಕೇಕ್ ಮಾಡಿಕೊಟ್ಟು ಜಗಳವಾಡಿದೆ.

ಉಳಿದ ತೋಟಾಗಳನ್ನು ತಕ್ಕಡಿಗೆ ಹಾಕಿದೆ. ವ್ಯರ್ಥ. ಮನೆಯಲ್ಲಿ ಎರಕ ಹೊಯ್ದ ಗುಂಡುಗಳೇ ಒಂದೊಂದು ಒಂದೊಂದು ತೂಕ. ಚಿಟಿಕೆ ಮದ್ದಿನ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ. ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲ.

"ನನ್ನ ಕೆಲಸ ಬಿಚ್ಚಿ ನೋಡೋಕೆ ನೀನ್ಯಾರೇ?"

ಮಗಳು, ಅಂದೆ. ಹೋಗಿ ಟಿವಿ ಹಾಕಿಕೊಂಡಳು. ಜೋರಾಗಿ.

ಮೇ 19, ಭಾನುವಾರ

ಒಂದು ವಾರ ಮಾತಿಲ್ಲ. ಇವತ್ತು ತಾನೇ ತೋಟಾದ ಡಬ್ಬಿ, ಗುಂಡು ಬಿಡಿಸುವ ಸುತ್ತಿಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದಳು.

"ಬಿಚ್ಚು."

ಬಿಚ್ಚಿದೆ. ಒಂದರಲ್ಲಿ ಮದ್ದೇ ಇರಲಿಲ್ಲ. ಇನ್ನೊಂದರಲ್ಲಿ ಎರಡರಷ್ಟು. ಅಮ್ಮ ತಟ್ಟೆಯ ಮದ್ದನ್ನು ಬೆರಳಿನಿಂದ ಅತ್ತ ಇತ್ತ ಸರಿಸುತ್ತಾ ಕೂತಳು.

"ಟಾರ್ಚ್ ಬಿಟ್ಟು ನೋಡಿದ್ದೆ ಕಣೇ. ಎಲ್ಲಾ ಒಂದೇ ಸಮ ಕಾಣಿಸ್ತು."

ಪಂದ್ಯ ಬಿಡು ಎನ್ನಲು ಅದೇ ಸಮಯ. ಬಾಯಿ ತೆರೆದೆ. ಅಷ್ಟರಲ್ಲಿ—

"ನೀನು ತುಂಬಿಸು. ನಿನಗೆ ಕಣ್ಣಿದೆ. ಬುದ್ಧಿ ಇಲ್ಲದಿದ್ರೂ ನಡೆಯುತ್ತೆ."

ಇಲ್ಲಿ ಇನ್ನೊಬ್ಬರು ತುಂಬಿದ ತೋಟಾ ಯಾರೂ ಹಾರಿಸುವುದಿಲ್ಲ. ಗಂಡ ತುಂಬಿದ್ದನ್ನು ಹೆಂಡತಿಯೂ ಮುಟ್ಟುವುದಿಲ್ಲ. ಅಪ್ಪ ತುಂಬಿದ್ದನ್ನು ಅಮ್ಮ ಒಮ್ಮೆಯೂ ಹಾರಿಸಲಿಲ್ಲ. ಹೂಂ ಅಂದೆ. ಯಾಕೆ ಅಂದೆ? ಅವಳ ಮೇಲಿನ ಕನಿಕರಕ್ಕೋ, ಅವಳು ಕೇಳಿದಳೆಂಬ ಹೆಮ್ಮೆಗೋ... ಗೊತ್ತಾಗುತ್ತಿಲ್ಲ.

ಮೇ 22, ಬುಧವಾರ

ತೋಟಾ ತುಂಬುವ ಯಂತ್ರದ ಮುಂದೆ ಕೂತರೆ ಅಮ್ಮ ಬೆನ್ನ ಹಿಂದೆ ನಿಂತು ಪ್ರಾಣ ತಿಂದಳು.

"ಮೆಲ್ಲಗೆ ಎಳಿ. ಅದು ಲಿವರ್ರು, ಹಸುವಿನ ಕೆಚ್ಚಲಲ್ಲ."

"ಅಮ್ಮ, ಮಾತಾಡಿಸ್ಬೇಡ, ತಪ್ಪುತ್ತೆ."

"ನಾನು ರೇಡಿಯೋ ಕೇಳ್ತಾ ಮಾಡ್ತಿದ್ದೆ."

ಅದು ಕಾಣ್ತಾನೇ ಇದೆಯಲ್ಲ, ಎನ್ನಬೇಕೆಂದಿದ್ದೆ. ನುಂಗಿಕೊಂಡೆ.

ಗುಂಡು ಕೂರಿಸುವ ಮುಂಚೆ ಒಂದೊಂದು ಕೊಳವೆಗೂ ಟಾರ್ಚ್ ಬಿಟ್ಟು ಮದ್ದು ನೋಡಿದೆ. ಸರಿಯಿತ್ತು. ಮತ್ತೆ ನೋಡಿದೆ. ಆಮೇಲೆ ನನ್ನ ಕಣ್ಣಿನ ಮೇಲೇ ಅನುಮಾನ ಬಂದು ಎಲ್ಲವನ್ನೂ ಸುರಿದು ಮೊದಲಿನಿಂದ ಶುರುಮಾಡಿದೆ.

"ಹೀಗಾದ್ರೆ ಮುಂದಿನ ವರ್ಷದ ಪಂದ್ಯಕ್ಕೆ ರೆಡಿ ಆಗುತ್ತೆ," ಅಂದಳು. ಆದರೂ ಎದ್ದು ಹೋಗಲಿಲ್ಲ.

ಮೇ 25, ಶನಿವಾರ. ಮೈದಾನ, ಟ್ರಕ್ಕಿನೊಳಗೆ

ಅಮ್ಮನ ಸರದಿ ಇನ್ನೂ ಬಂದಿಲ್ಲ. ನಿಲ್ಲಲಾಗದೆ ಇಲ್ಲಿ ಬಂದು ಕೂತೆ.

ಹಾರ್ಲನ್ ಪ್ರತಿಯೊಬ್ಬರನ್ನೂ ಕೇಳುವ ಹಾಗೆ ಅಮ್ಮನನ್ನೂ ಕೇಳಿದ, "ತೋಟಾ ಯಾರದ್ದು, ಬರ್ನೀಸ್?" ಅಮ್ಮ ನನ್ನದೇ ಅಂದಿದ್ದರೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

"ನನ್ನ ಮಗಳದ್ದು. ನನಗೆ ಕಣ್ಣು ಕಾಣಲ್ಲ."

ಪಕ್ಕದ ಸಾಲಿನ ಡ್ವೇನ್ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ನನ್ನ ಟ್ರಕ್ ಸ್ವಲ್ಪ ದೂರ ನಿಲ್ಲಿಸ್ತೀನಪ್ಪ."

"ಗುರಿಯ ಬೋರ್ಡಿನ ಹತ್ತಿರ ನಿಲ್ಲಿಸು. ನಿನ್ನ ಗುಂಡು ಅಲ್ಲಿಗಂತೂ ಬರಲ್ಲ," ಅಂದಳು ಅಮ್ಮ.

ನಗುವವರು ನಕ್ಕರು. ಒಂದೊಂದು ಕೊಳವೆಯನ್ನೂ ಎರಡು ಸಲ ನೋಡಿದ್ದೆ. ಮೊದಲಿನಿಂದ ತುಂಬಿದ ಮೇಲೂ ನೋಡಿದ್ದೆ. ನೋಡಿದ್ದೆನಲ್ಲವೇ? ಕೊನೆಯ ಸಾಲಿನ ಕೊಳವೆಗಳು... ಆಗ ಅಮ್ಮ ಕಾಫಿ ಕೇಳಿದ್ದಳು. ಎದ್ದು ಹೋಗಿದ್ದೆ. ಬಂದು ನೋಡಿದೆ. ನೋಡಿರಲೇಬೇಕು.

ಅಮ್ಮನ ಹೆಸರು ಕರೆದರು. ಗೆರೆಯ ಹತ್ತಿರ ನಿಂತು ಕೈ ಬೀಸುತ್ತಿದ್ದಾಳೆ, ಖಂಡಿತ ಬೈಯುತ್ತಲೂ ಇದ್ದಾಳೆ. ಹಾರ್ಲನ್ ಹಿಂದಕ್ಕೆ ಹೋಗು ಅಂದರೂ ಅವಳ ಪಕ್ಕದಲ್ಲೇ ನಿಲ್ಲುತ್ತೇನೆ. ಆಗುವುದಿದ್ದರೆ ಇಬ್ಬರಿಗೂ ಆಗಲಿ.